ಅಜ್ಜಿ ತಿಕ್ಕಿದ ತಾಮ್ರ

ನಮ್ಮ ಅಜ್ಜಿಗೆ ಸಹಿಸಲಾಗದ ಸಂಗತಿಗಳು ಎರಡೇ: ಹೊತ್ತೇರಿದ ಮೇಲೂ ಮಲಗಿರುವ ಮೊಮ್ಮಗಳು ಮತ್ತು ಕಪ್ಪಾದ ತಾಮ್ರ. ಮೊದಲನೆಯದರ ವಿಷಯದಲ್ಲಿ ಅವಳು ಯಾವತ್ತೋ ಕೈಚೆಲ್ಲಿದ್ದಾಳೆ. ಎರಡನೆಯದರಲ್ಲಿ ರಾಜಿ ಇಲ್ಲ. ಖಾನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಡಿಯುವ ನೀರಿನ ತಾಮ್ರದ ಕೊಡ ಒಂದಿದೆ. ಅಜ್ಜಿ ಗುಂಜಿ ಎಂಬ ಊರಿನ ತವರಿನಿಂದ ಮದುವೆಯಾಗಿ ಬರುವಾಗ ಅವಳ ತಾಯಿ ಕೊಟ್ಟದ್ದು. ಪ್ರತಿ ಸೋಮವಾರ ಸ್ನಾನಕ್ಕೆ ಮುಂಚೆ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಹಿಡಿದು ಅದರ ಮುಂದೆ ಕೂತರೆ, ಕೊಡದಲ್ಲಿ ತನ್ನ ಮುಖ ಕಾಣುವವರೆಗೆ ಏಳುತ್ತಿರಲಿಲ್ಲ. ಆಮೇಲೆ ನಮ್ಮನ್ನೂ ಕರೆದು ನಮ್ಮ ಮುಖ ತೋರಿಸುತ್ತಿದ್ದಳು. ಎಲ್ಲರ ಮುಖವೂ ಸ್ವಲ್ಪ ಊದಿಕೊಂಡಂತೆ ಕಾಣುತ್ತಿತ್ತು, ಆದರೆ ಕಾಣುತ್ತಿತ್ತು.

ಇಂಥ ಮನೆಯಲ್ಲಿ ಹುಟ್ಟಿದ ನಾನು, ಬೆಳಗಾವಿಯ ಕಾಲೇಜೊಂದರಲ್ಲಿ ತಾಮ್ರವನ್ನು ಕಪ್ಪು ಮಾಡುವುದನ್ನೇ ಪಿಎಚ್‌ಡಿ ಎಂದು ಹಿಡಿದುಕೊಂಡೆ.

ಕೆಲಸ ಹೇಳಲು ಸುಲಭ. ಉಪ್ಪು ಕರಗಿಸಿದ ನೀರಿರುವ ಗಾಜಿನ ಪಾತ್ರೆಗೆ ಕಾರ್ಬನ್ ಡೈಆಕ್ಸೈಡ್ ಬಿಡಬೇಕು. ಅದರಲ್ಲಿ ತಾಮ್ರದ ತಗಡೊಂದನ್ನು ನಿಲ್ಲಿಸಿ ಕರೆಂಟ್ ಹರಿಸಬೇಕು. ತಗಡಿನ ಮೈಮೇಲೆ ಆ ಅನಿಲ ಮುರಿದು, ಮತ್ತೆ ಬೇರೆ ರೀತಿ ಕೂಡಿಕೊಂಡು, ಎಥಿಲೀನ್ ಎಂಬ ಅನಿಲವಾಗಿ ಹೊರಬರಬೇಕು. ಪ್ಲಾಸ್ಟಿಕ್ಕಿನಿಂದ ಹಿಡಿದು ಎಷ್ಟೋ ಸಾಮಾನುಗಳಿಗೆ ಎಥಿಲೀನ್ ಬೇಕು. ಹೊಗೆಯಾಗಿ ಹಾಳಾಗಿ ಹೋಗುವುದನ್ನು ಹಿಡಿದು ತಂದು ದುಡಿಸಿಕೊಳ್ಳುವ ಈ ಕೆಲಸ ತಾಮ್ರಕ್ಕೆ ಒಲಿದಷ್ಟು ಬೇರೆ ಲೋಹಕ್ಕೆ ಒಲಿದಿಲ್ಲ. ಆದರೆ ಹೊಳೆಯುವ ತಾಮ್ರ ಸೋಮಾರಿ. ಅನಿಲದ ತಂಟೆಗೆ ಹೋಗದೆ ಸುತ್ತಲಿನ ನೀರನ್ನೇ ಒಡೆದು ಹೈಡ್ರೋಜನ್ ಗುಳ್ಳೆ ಬಿಡುತ್ತ ನಿಲ್ಲುತ್ತದೆ. ಅದನ್ನು ಕುಲುಮೆಯಲ್ಲಿ ಕಾಯಿಸಿ ಮೈಮೇಲೆ ಕಪ್ಪು ಪದರ ಎಬ್ಬಿಸಬೇಕು, ಆ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗು ಮೂಡಬೇಕು. ಆಗ ದಾರಿಗೆ ಬರುತ್ತದೆ, ಅದೂ ಅದರ ಮನಸ್ಸಿದ್ದರೆ.

ಇದನ್ನು ಮನೆಯಲ್ಲಿ ವಿವರಿಸಿ ನಾನು ಪಟ್ಟ ಪಾಡು ಹೇಳತೀರದು. ಖಾನಾಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿರುವ ನಮ್ಮಪ್ಪ ಬಂದ ಗಿರಾಕಿಗಳಿಗೆಲ್ಲ ಮಗಳು ಹೊಗೆಯಿಂದ ಪ್ಲಾಸ್ಟಿಕ್ ಮಾಡುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಇರುವ ಪ್ಲಾಸ್ಟಿಕ್ಕಿಗೇ ಗಟಾರ ಕಟ್ಟಿಕೊಂಡಿದೆಯಲ್ಲ ಎಂದು ಅವರು ಕೇಳಿದರೆ ಅಪ್ಪ ಇನ್ನೊಂದು ಮೋಟಾರು ಬಿಚ್ಚಲು ಕೂರುತ್ತಿದ್ದ. ಅಜ್ಜಿಗೆ ತಿಳಿಯಲಿ ಎಂದು ನಾನು ಬೇರೆ ದಾರಿ ಹಿಡಿದೆ. ಬಾಳೆಹಣ್ಣು, ಮಾವಿನಹಣ್ಣು ಮಾಗಿಸುವುದೂ ಇದೇ ಅನಿಲ ಎಂದೆ.

“ಅದಕ್ಯಾಕವ್ವ ಇಷ್ಟ ವರ್ಸ ಸಾಲಿ?” ಎಂದಳು ಅಜ್ಜಿ. “ಹುಲ್ಲಾಗ ಮುಚ್ಚಿಟ್ರ ತಾವ ಹಣ್ಣಾಗತಾವಲ್ಲ.”

ಅಲ್ಲಿಂದ ನಾನು ವಿವರಿಸುವುದನ್ನು ಬಿಟ್ಟೆ.

ಬೆಳಿಗ್ಗೆ ಖಾನಾಪುರದಿಂದ ರೈಲು ಹತ್ತಿ, ದೇಸೂರಿನಲ್ಲಿ ಎದುರಿನಿಂದ ಬರುವ ಗಾಡಿ ದಾಟುವವರೆಗೆ ಕಾದು ಬೇಸತ್ತು, ಬೆಳಗಾವಿಯಲ್ಲಿ ಇಳಿದು ಆಟೋದವನ ಜೊತೆ ವಾದ ಮಾಡಿ ಕಾಲೇಜು ಸೇರುವುದು. ದಿನವಿಡೀ ತಗಡು ಕತ್ತರಿಸಿ, ತೊಳೆದು, ಕಾಯಿಸುವುದು. ಸಂಜೆ ಕುಲುಮೆಯಿಂದ ತಗಡನ್ನು ಇಕ್ಕಳದಲ್ಲಿ ಎಳೆದು ಕಲ್ಲಿನ ಮೇಲೆ ಒಗೆದು ವಾಪಸ್ ಗಾಡಿಗೆ ಓಡುವುದು. ನಾನು ಹೊತ್ತಿಗೆ ಮುಂಚೆ ಹೋದ ದಿನ ಆ ಗಾಡಿ ಬಂದದ್ದೇ ಇಲ್ಲ. ನಾನು ಏದುಸಿರು ಬಿಡುತ್ತ ಹೋದ ದಿನ ಮಾತ್ರ ಸರಿಯಾದ ಹೊತ್ತಿಗೆ ಹೊರಟು ನಿಂತಿರುತ್ತಿತ್ತು. ಆ ಗಾಡಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹೀಗೆ ಮಾಡಿದ ತಗಡುಗಳೆಲ್ಲ ಹೈಡ್ರೋಜನ್ ಬಿಡುತ್ತ ನನ್ನ ಹೊಟ್ಟೆ ಉರಿಸುತ್ತಿದ್ದಾಗ, ಒಂದು ಮಳೆಗಾಲದಲ್ಲಿ ಒಂದೇ ಒಂದು ತಗಡು ಕೆಲಸ ಮಾಡಿತು. ಯಾವ ಅನಿಲ ಎಷ್ಟು ಬಂತೆಂದು ತೋರಿಸುವ ಯಂತ್ರದ ಪರದೆಯ ಮೇಲೆ, ದಿನವೂ ಬೋಳು ಬಯಲಾಗಿರುತ್ತಿದ್ದ ಎಥಿಲೀನಿನ ಜಾಗದಲ್ಲಿ ಚೂಪಾದ ಗುಡ್ಡ ಎದ್ದಿತ್ತು. ನಮ್ಮ ಗೈಡ್ ಯಾವುದಕ್ಕೂ ಮುಖದ ಗೆರೆ ಬದಲಿಸದ ಮನುಷ್ಯ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮರುದಿನವೂ ಗುಡ್ಡ ಇತ್ತು, ಅದರ ಮರುದಿನವೂ ಇತ್ತು. ಅದೇ ರೀತಿ ಮಾಡಿದೆನೆಂದುಕೊಂಡ ಬೇರೆ ತಗಡುಗಳಲ್ಲಿ ಮಾತ್ರ ಯಥಾಪ್ರಕಾರ ಬಯಲು. ಹಾಗಾಗಿ ಆ ಒಂದು ತಗಡನ್ನು ನಾನು ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು ಹಸುಗೂಸಿನಂತೆ ಕಾದೆ.

ಕಾಯಲು ಕಾರಣವೂ ಇತ್ತು. ನನಗೆ ಕೊಟ್ಟ ಅವಧಿ ಮುಗಿದುಹೋಗಿತ್ತು. ದಸರೆಯ ರಜೆ ಮುಗಿದ ಕೂಡಲೇ ಒಂದು ಸಮಿತಿ ಬರುವುದಿತ್ತು. ಅವರ ಕಣ್ಣೆದುರಿಗೆ ಎಥಿಲೀನ್ ಬರಿಸಿ ತೋರಿಸಿದರೆ ಅವಧಿ ಮುಂದಕ್ಕೆ ಹೋಗುತ್ತದೆ. ಇಲ್ಲವಾದರೆ ಅಷ್ಟು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು, ಮನೆಗೆ ಬಂದು ಅಪ್ಪನ ಪಕ್ಕ ಕೂತು ಮೋಟಾರಿಗೆ ತಂತಿ ಸುತ್ತಬೇಕು.

ಅಷ್ಟರಲ್ಲಿ ಖಂಡೇನವಮಿ ಬಂತು. ನಮ್ಮ ಮನೆಯಲ್ಲಿ ಆ ದಿನ ಯಾರ ಕಾಯಕ ಏನೋ ಅದರ ಉಪಕರಣ ಪೂಜೆಗೆ ಕೂರಬೇಕು. ಅಪ್ಪನ ನಟ್ಟು ಬಿಗಿಯುವ ಪಾನಾ, ಇಕ್ಕಳ, ತಂತಿ ಸುತ್ತುವ ಯಂತ್ರ, ಅವ್ವನ ಹೊಲಿಗೆ ಯಂತ್ರ, ಅಜ್ಜಿಯ ಈಳಿಗೆ. ನಾನು ಓದುವಾಗ ಪೆನ್ನು ಇಡುತ್ತಿದ್ದೆ, ಪಿಎಚ್‌ಡಿ ಸೇರಿದ ಮೇಲೆ ಒಂದು ಗಾಜಿನ ಕೊಳವೆ ಇಡುತ್ತಿದ್ದೆ. ಆ ವರ್ಷ ಅಜ್ಜಿ ತಕರಾರು ತೆಗೆದಳು. ಗಾಜಿನ ಕೊಳವೆ ಯಾವ ಅಂಗಡಿಯಲ್ಲೂ ಸಿಗುತ್ತದೆ, ನಿನಗೆ ಖರೇ ದುಡಿದುಕೊಡುವ ಸಾಮಾನು ಯಾವುದಿದೆಯೋ ಅದನ್ನು ತಾ ಎಂದಳು. ಸಮಿತಿಗೆ ಮುಂಚೆ ಆ ತಗಡಿನ ಮೇಲೆ ಒಂದಿಷ್ಟು ದೇವರ ಕಣ್ಣು ಬಿದ್ದರೆ ನಷ್ಟವೇನಿಲ್ಲ ಎಂದು ನನಗೂ ಅನ್ನಿಸಿತು. ವಿಜ್ಞಾನ ಓದಿದವರಿಗೆ ಹೀಗೆಲ್ಲ ಅನ್ನಿಸುವುದಿಲ್ಲ ಎಂದು ತಿಳಿದವರು ಒಮ್ಮೆ ಸಮಿತಿಯ ಮುಂದೆ ನಿಂತು ನೋಡಬೇಕು.

ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇದೇನು ಎಂದು ಅಜ್ಜಿ ಕೇಳಿದಳು. ತಾಮ್ರ ಎಂದೆ. ಬಹಳ ನಾಜೂಕಿನದು, ಕೆಳಗೆ ಬೀಳಿಸಬೇಡ ಎಂದೂ ಹೇಳಿದೆ. ಮರುದಿನ ಬೆಳಿಗ್ಗೆ ಚೆಂಡುಹೂವು ತರಲು ಪೇಟೆಗೆ ಹೋದೆ.

ಬಂದು ನೋಡಿದರೆ ಮಣೆಯ ಮೇಲೆ ಪಾನಾ, ಇಕ್ಕಳಗಳ ನಡುವೆ ನನ್ನ ತಗಡು ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಪಕ್ಕದಲ್ಲಿ ಅಜ್ಜಿ ಕೈ ಒರೆಸಿಕೊಳ್ಳುತ್ತಿದ್ದಳು, ಬೆರಳುಗಳ ಸಂದಿಯಲ್ಲಿ ಇನ್ನೂ ಹುಣಸೆಹಣ್ಣಿನ ಸಿಪ್ಪೆ ಇತ್ತು. ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು.

“ಅಗದಿ ಹೊಲಸಾಗಿತ್ತವ್ವ. ದೇವರ ಮುಂದ ಹಂಗ ಇಡಾಕ ಬರತೈತೇನ? ಭಾಳ ತಿಕ್ಕಬೇಕಾತು. ಅಂಚಿನಾಗಿನ ಕರಿ ಬಿಡವಲ್ದಾಗಿತ್ತು.”

ಬಿದ್ದೀತು ಎಂದು ಎಚ್ಚರಿಸಿದ್ದೆ, ಕಳೆದೀತು ಎಂದು ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೆ. ಅದರ ಕಪ್ಪೇ ಅದರ ಜೀವ ಎಂದು ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಪೂಜೆಗೆ ಇಡುವ ಸಾಮಾನು ತೊಳೆದಿರಬೇಕು, ತಾಮ್ರವಾದರೆ ಹೊಳೆಯಬೇಕು. ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಬ್ಬದ ದಿನ ಅಳಬಾರದೆಂದು ಆರತಿ ಹಿಡಿದು ನಿಂತೆ. ಮರುದಿನ ಓಣಿಯವರೆಲ್ಲ ಬನ್ನಿ ಎಲೆ ಕೈಗಿಟ್ಟು, ಬಂಗಾರದಂಗ ಇರೂಣು ಎಂದು ಹೇಳುವಾಗ ನನಗೆ ಬಂಗಾರವೂ ಬೇಡವಾಗಿತ್ತು. ಕರಿ ತಾಮ್ರ ಯಾರಾದರೂ ಕೊಟ್ಟಿದ್ದರೆ ಕಾಲು ಹಿಡಿಯುತ್ತಿದ್ದೆ.

ರಜೆ ಮುಗಿದ ದಿನ ಕಾಲೇಜಿಗೆ ಹೋಗಿ, ವಿಭೂತಿ ತೊಳೆದು, ಆಸೆ ಬಿಡದೆ ಅದನ್ನೇ ಪಾತ್ರೆಯಲ್ಲಿ ನಿಲ್ಲಿಸಿದೆ. ಹೈಡ್ರೋಜನ್ ಗುಳ್ಳೆ ಬುಳುಬುಳು ಬಂತು. ಎಥಿಲೀನಿನ ಜಾಗದಲ್ಲಿ ಬಯಲು. ಮತ್ತೆ ಕಾಯಿಸಿ ಕಪ್ಪು ಮಾಡಿ ನೋಡಿದೆ, ಆಗಲೂ ಬಯಲು.

ಆ ಸಂಜೆ ಮನೆಗೆ ಬಂದವಳು ಊಟಕ್ಕೆ ಏಳಲಿಲ್ಲ. ಅಜ್ಜಿ ಮೂರು ಸಲ ಕರೆದಳು. ನಾಲ್ಕನೆಯ ಸಲಕ್ಕೆ ನಾನು ಸಿಡಿದುಬಿದ್ದೆ. ನೀನು ತಿಕ್ಕಿದ್ದಕ್ಕೆ ಎಲ್ಲ ಹೋಯಿತು, ಆ ಕಪ್ಪನ್ನು ಏಳಿಸಲು ವರ್ಷಗಟ್ಟಲೆ ಬೇಕಾಗಿತ್ತು, ಇನ್ನು ನನ್ನ ಓದೂ ಇಲ್ಲ ಏನೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಅಂದೆ. ಅಜ್ಜಿ ರೊಟ್ಟಿಯ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ತಟ್ಟೆಯನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋಗಿ ಮಲಗಿಕೊಂಡಳು.

ಸಮಿತಿ ಬಂತು. ಇಬ್ಬರು ಗಂಡಸರು, ಹೊರಗಿನಿಂದ ಬಂದ ಒಬ್ಬರು ಹಿರಿಯ ಪ್ರಾಧ್ಯಾಪಕಿ. ಹಳೆಯ ಫಲಿತಾಂಶಗಳನ್ನು ತೋರಿಸಿದೆ. ಎಲ್ಲ ಸರಿ, ತಗಡು ಎಲ್ಲಿ ಎಂದು ಕೇಳಿದರು. ದಾರಿಯುದ್ದಕ್ಕೂ, ದೇಸೂರಿನಲ್ಲಿ ಗಾಡಿ ನಿಂತಷ್ಟು ಹೊತ್ತೂ ಸುಳ್ಳು ಹುಡುಕಿದ್ದೆ. ಕಳುವಾಯಿತು, ಒಡೆಯಿತು, ಯಾವುದೂ ತಾಮ್ರದ ತಗಡಿಗೆ ಒಪ್ಪುತ್ತಿರಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದೆ: ಖಂಡೇನವಮಿಗೆ ನಮ್ಮ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿದರು. ನಮ್ಮ ಗೈಡ್ ಕಿಟಕಿಯ ಹೊರಗೆ ನೋಡತೊಡಗಿದರು. ಪ್ರಾಧ್ಯಾಪಕಿ ಪೆನ್ನು ಕೆಳಗಿಟ್ಟರು.

“ಹುಣಸಿಹಣ್ಣಿನ ಜೋಡಿ ಉಪ್ಪೂ ಹಾಕಿದ್ರೇನು?”

“ಹೌದ್ರಿ ಮೇಡಂ.”

“ಹಂಗಾದ್ರ ಏನೂ ಉಳದಿರಂಗಿಲ್ಲ ಬಿಡ್ರಿ.”

ಅದರ ನಂತರ ನಡೆದದ್ದು ನನಗೆ ಈಗಲೂ ನಂಬಲಾಗುವುದಿಲ್ಲ. ಮೂವರು ಪ್ರಾಧ್ಯಾಪಕರು ನನ್ನನ್ನು ಮರೆತು, ತಂತಮ್ಮ ಮನೆಯಲ್ಲಿ ತಾಮ್ರವನ್ನು ಹೇಗೆ ತಿಕ್ಕುತ್ತಾರೆ ಎಂಬ ಚರ್ಚೆಗೆ ಇಳಿದರು. ಒಬ್ಬರು ನಿಂಬೆಹಣ್ಣಿನ ಕಡೆ, ಇನ್ನೊಬ್ಬರು ಅಂಗಡಿಯ ಪುಡಿಯ ಕಡೆ. ಪುಡಿ ಹಚ್ಚಿದರೆ ಎರಡೇ ದಿನದಲ್ಲಿ ಮತ್ತೆ ಕಪ್ಪಾಗುತ್ತದೆ ಎಂದು ಪ್ರಾಧ್ಯಾಪಕಿ ಆ ವಾದವನ್ನು ಮುರಿದು ಹಾಕಿದರು. ನನ್ನ ಸಂಶೋಧನೆಯ ಮೇಲೆ ಅಷ್ಟು ಆಳವಾದ ಚರ್ಚೆ ಅವತ್ತು ನಡೆಯಲಿಲ್ಲ. ಚಹಾ ಬಂದ ಮೇಲೆ ನನ್ನ ನೆನಪಾಯಿತು. ಒಂದೇ ತಗಡು ಕೆಲಸ ಮಾಡಿದರೆ ಅದು ಅದೃಷ್ಟ, ಸಂಶೋಧನೆ ಅಲ್ಲ ಎಂದರು ಪ್ರಾಧ್ಯಾಪಕಿ. ಯುಗಾದಿಯ ಹೊತ್ತಿಗೆ ಮತ್ತೆ ಬರುತ್ತೇವೆ, ಒಂದಲ್ಲ, ಎಷ್ಟು ಮಾಡಿದರೂ ಒಂದೇ ರೀತಿ ಕೆಲಸ ಮಾಡುವ ತಗಡು ತೋರಿಸು, ಆಗ ಅವಧಿ; ಇಲ್ಲದಿದ್ದರೆ ಇಲ್ಲ ಎಂದು ಬರೆದು ಎದ್ದರು.

ಚಳಿಗಾಲವೆಲ್ಲ ತಗಡು ಕಾಯಿಸಿದೆ. ಶಾಖ ಏರಿಸಿದೆ, ಇಳಿಸಿದೆ, ಉಪ್ಪು ಬದಲಿಸಿದೆ, ತಾಮ್ರದ ಅಂಗಡಿಯನ್ನೇ ಬದಲಿಸಿದೆ. ಕಪ್ಪು ಚೆನ್ನಾಗಿಯೇ ಏಳುತ್ತಿತ್ತು. ಪಾತ್ರೆಗೆ ಇಳಿಸಿದ ಕೂಡಲೇ ಹಪ್ಪಳದ ಚೂರಿನಂತೆ ಎದ್ದು ಉದುರುತ್ತಿತ್ತು. ಸಂಜೆ ಎಂದಿನಂತೆ ತಗಡನ್ನು ಕಲ್ಲಿನ ಮೇಲೆ ಒಗೆದು ಗಾಡಿಗೆ ಓಡುತ್ತಿದ್ದೆ.

ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. ಪಡಸಾಲೆಯ ಕೊಡ ಮಂಕಾಗುತ್ತ ಬಂತು. ಅಜ್ಜಿ ಒಳಗಡೆ ದಿನವೂ ಗಲಬರಿಸಿ ತೊಳೆದು ನೀರು ತುಂಬುತ್ತಿದ್ದಳು, ಹೊರಮೈಗೆ ಕೈ ಹಚ್ಚುತ್ತಿರಲಿಲ್ಲ. ದೀಪಾವಳಿಗೆ ಅದು ಕಂದಾಯಿತು, ಸಂಕ್ರಾಂತಿಗೆ ಕಪ್ಪಾಗಿ, ಕಂಠದ ಸುತ್ತ ಹಸಿರು ಬೇರೆ ಹಿಡಿಯಿತು. ಬಾಜು ಮನೆಯ ಮರಾಠಿ ಕಾಕು ಅದನ್ನು ನೋಡಿ, ಅಜ್ಜಿಯ ತಬ್ಬೇತು ಸರಿಯಿದೆಯಲ್ಲ ಎಂದು ಅವ್ವನನ್ನು ಬದಿಗೆ ಕರೆದು ಕೇಳಿದಳಂತೆ. ನನಗೂ ದಿಗಿಲಾಗಿತ್ತು. ಕೀಲು ನೋವೇನೋ, ಇಲ್ಲವೇ ನನ್ನ ಮೇಲಿನ ಮುನಿಸೇನೋ. ಕೇಳಿದರೆ ಎಲೆಯಡಿಕೆ ಕುಟ್ಟುತ್ತ ಮಾತು ತಿರುಗಿಸುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ಬೆಳಗಾವಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವರೆಂದು ಗೊತ್ತಾಯಿತು. ಆ ದಿನ ಮಧ್ಯಾಹ್ನದ ಗಾಡಿಗೇ ಹೊರಟು ಬಾ ಎಂದು ಅವ್ವ ಫೋನಿನಲ್ಲಿ ಹಟ ಹಿಡಿದಳು. ಕುಲುಮೆಯಲ್ಲಿ ತಗಡು ಕೆಂಪಗೆ ಕೂತಿತ್ತು. ಹೊರಗೆ ತೆಗೆಯುವಷ್ಟೂ ಪುರುಸೊತ್ತಿಲ್ಲದೆ, ಸ್ವಿಚ್ ಆರಿಸಿ, ಅದು ಅಲ್ಲೇ ಸಾಯಲಿ ಎಂದು ಬೈದು ಹೊರಟೆ.

ಮನೆಯಲ್ಲಿ ಯುದ್ಧ ನಡೆದಿತ್ತು. ನೆಂಟರ ಎದುರು ಆ ಕೊಡ ಇರಬಾರದು, ತಿಕ್ಕಲೇಬೇಕು ಎಂದು ಅವ್ವ. ಆದರೆ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಭರಣಿಯೇ ಇರಲಿಲ್ಲ. ಅಜ್ಜಿ ಅದನ್ನು ತನ್ನ ಹಾಸಿಗೆಯ ಸುರುಳಿಯಲ್ಲಿ ಬಚ್ಚಿಟ್ಟು, ಕೊಡದ ಬಾಜುಕ್ಕೇ ಚಾಪೆ ಹಾಸಿ ಕೂತಿದ್ದಳು. ಅವತ್ತಿನ ಸಾರಿಗೂ ಟೊಮೆಟೊ ಬಿದ್ದಿತ್ತು. ಅಷ್ಟರಲ್ಲಿ ಅವರು ಬಂದೇ ಬಿಟ್ಟರು, ಕೈಯಲ್ಲಿ ಬೆಳಗಾವಿಯ ಸಿಹಿತಿಂಡಿ ಕುಂದಾದ ಡಬ್ಬಿ ಹಿಡಿದುಕೊಂಡು. ಹುಡುಗನ ತಾಯಿ ಕುಡಿಯಲು ಕೊಟ್ಟ ನೀರನ್ನು ನೋಡಿದರು, ಕೊಡವನ್ನು ನೋಡಿದರು, ನೀರನ್ನು ಹಾಗೇ ಕೆಳಗಿಟ್ಟರು.

“ತಾಮ್ರ ತಿಕ್ಕೂದಿಲ್ಲೇನ್ರಿ ನಿಮ್ಮಲ್ಲಿ?” ಎಂದು ಮೆಲ್ಲಗೆ ಕೇಳಿದರು.

ಅವ್ವ ಬಾಯಿ ತೆರೆಯುವುದರೊಳಗೆ ಅಜ್ಜಿ ಉತ್ತರ ಕೊಟ್ಟಳು.

“ಇಲ್ಲರೀ. ನಮ್ಮ ಮೊಮ್ಮಗಳು ತಾಮ್ರ ಕರ್ರಗ ಮಾಡಿ ದುಡಿಸಾಕತ್ತಾಳ. ನಾ ತಿಳೀಲಾರ್ದ ತಿಕ್ಕಿ ಆಕಿ ಕೆಲಸ ಕೆಡಿಸೇನಿ. ಅದು ಮತ್ತ ಆಗೂತನಾ ಈ ಕೊಡಕ್ಕ ಹುಣಸಿಹಣ್ಣ ಮುಟ್ಟಸೂದಿಲ್ಲಂತ ಬೇಡ್ಕೊಂಡೇನಿ.”

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ಅಲ್ಲೇ ಅತ್ತುಬಿಟ್ಟೆ. ಜೀವಮಾನವಿಡೀ ಕಪ್ಪಿನ ಮೇಲೆ ಹಗೆ ಸಾಧಿಸಿದ ಮುದುಕಿ, ತಾಯಿ ಕೊಟ್ಟ ಕೊಡ ಕಣ್ಣೆದುರಿಗೇ ಕೆಡುವುದನ್ನು ನನಗಾಗಿ ಸೋಮವಾರದಿಂದ ಸೋಮವಾರಕ್ಕೆ ನೋಡುತ್ತ ಕೂತಿದ್ದಳು. ನನಗೆ ನಾಚಿಕೆಯೂ ಆಯಿತು, ಹೊಟ್ಟೆ ತುಂಬಿದಂತೆಯೂ ಆಯಿತು. ಹುಡುಗಿ ಅಳುವುದನ್ನೂ ಕೊಡ ಕಪ್ಪಾಗಿರುವುದನ್ನೂ ಒಟ್ಟಿಗೆ ನೋಡಿದ ನೆಂಟರು ಚಹಾ ಕುಡಿದು ಹೋದವರು ಇವತ್ತಿನವರೆಗೆ ಹೂಂ ಎಂದೂ ಹೇಳಿಲ್ಲ, ಉಹೂಂ ಎಂದೂ ಹೇಳಿಲ್ಲ. ಕುಂದಾ ಮಾತ್ರ ಚೆನ್ನಾಗಿತ್ತು.

ಮರುದಿನ ಕಾಲೇಜಿಗೆ ಹೋಗಿ ಕುಲುಮೆ ತೆರೆದೆ. ರಾತ್ರಿಯೆಲ್ಲ ಒಳಗೇ ಕೂತು ತಾನಾಗಿ ಆರಿದ ತಗಡು ಹಾಗೇ ಇತ್ತು. ಎಸೆಯುವ ಮುಂಚೆ ನೋಡೋಣ ಎಂದು ಪಾತ್ರೆಗೆ ಇಳಿಸಿದೆ. ಪದರ ಉದುರಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎಥಿಲೀನಿನ ಗುಡ್ಡ ಎದ್ದಿತು.

ಆಗ ನನಗೆ ಮಳೆಗಾಲದಲ್ಲಿ ಆ ಮೊದಲ ತಗಡನ್ನು ಕಾಯಿಸಿದ ದಿನ ನೆನಪಾಯಿತು. ಅವತ್ತು ಕರೆಂಟ್ ಹೋಗಿತ್ತು. ಕತ್ತಲಲ್ಲಿ ಇಕ್ಕಳ ಹುಡುಕುವ ಬದಲು ತಗಡನ್ನು ಕುಲುಮೆಯಲ್ಲೇ ಬಿಟ್ಟು ನಾನು ಗಾಡಿಗೆ ಓಡಿದ್ದೆ. ಬಿಸಿ ತಗಡನ್ನು ತಣ್ಣನೆಯ ಕಲ್ಲಿಗೆ ಒಗೆದರೆ ತಾಮ್ರ ಗಡಬಡಿಸಿ ಕುಗ್ಗುತ್ತದೆ, ಮೇಲಿನ ಪದರ ಅದರ ಜೊತೆಗೆ ಕುಗ್ಗಲಾರದೆ ಬಿಟ್ಟುಕೊಳ್ಳುತ್ತದೆ. ನಿಧಾನ ಆರಿದರೆ ಎರಡೂ ಹೊಂದಿಕೊಂಡಿರುತ್ತವೆ. ಇಷ್ಟು ವರ್ಷ ನನ್ನ ಸಂಶೋಧನೆಯನ್ನು ಹಾಳು ಮಾಡಿದ್ದು ಶಾಖವೂ ಅಲ್ಲ, ಉಪ್ಪೂ ಅಲ್ಲ, ಖಾನಾಪುರದ ಸಂಜೆಯ ಗಾಡಿ. ಇದನ್ನು ಗೈಡ್‌ಗೆ ಹೇಳಿದಾಗ ಅವರು ಮತ್ತೆ ಕನ್ನಡಕ ಒರೆಸಿದರು, ಪ್ರಬಂಧದಲ್ಲಿ ರೈಲಿನ ವಿಷಯ ಬರೆಯಬೇಡ ಎಂದರು.

ಯುಗಾದಿಗೆ ಸಮಿತಿ ಬರುವ ಹೊತ್ತಿಗೆ ಹಾಗೇ ಕುಲುಮೆಯಲ್ಲೇ ಆರಲು ಬಿಟ್ಟ ತಗಡುಗಳ ಸಾಲೇ ಇತ್ತು. ಪ್ರಾಧ್ಯಾಪಕಿ ತಾವೇ ಒಂದನ್ನು ಆರಿಸಿ ಕೊಟ್ಟರು, ಆಮೇಲೆ ಇನ್ನೊಂದನ್ನು. ಎರಡರಲ್ಲೂ ಗುಡ್ಡ ಎದ್ದಿತು. ಅವಧಿ ಕೊಟ್ಟೆವು ಎಂದು ಬರೆದು, ಹೋಗುವಾಗ ಅಜ್ಜಿ ಹೇಗಿದ್ದಾರೆ ಎಂದು ಕೇಳಿದರು.

ಅವತ್ತು ಗಾಡಿ ಸರಿಯಾದ ಹೊತ್ತಿಗೆ ಬಂತು, ನಾನೂ ಸರಿಯಾದ ಹೊತ್ತಿಗೆ ಹೋಗಿದ್ದೆ. ಮನೆ ಮುಟ್ಟಿದಾಗ ಅಜ್ಜಿ ಕೊಡದ ಬಾಜು ಕೂತಿದ್ದಳು. ಆಯಿತು ಎಂದೆ. ಎಲ್ಲಾ ತಗಡೂ ಏನು ಎಂದು ಕೇಳಿದಳು. ಎಲ್ಲಾ ತಗಡೂ ಎಂದೆ. ಅವಳು ಎದ್ದು ಹೋಗಿ, ಹಾಸಿಗೆಯ ಸುರುಳಿ ಬಿಚ್ಚಿ, ಭರಣಿ ತಂದು ನನ್ನ ಕೈಗೆ ಕೊಟ್ಟಳು.

“ನೀನ ತಿಕ್ಕವ್ವ. ನಾ ತಿಕ್ಕಿದ್ರ ಮತ್ತೇನರ ಕೆಟ್ಟೀತು.”

ಹಿತ್ತಲಿನ ಕಲ್ಲಿನ ಮೇಲೆ ಕೊಡ ಬೋರಲು ಹಾಕಿಕೊಂಡು, ಹುಣಸೆಹಣ್ಣು ಕಿವುಚಿ, ಉಪ್ಪು ಬೆರೆಸಿಕೊಂಡು, ನಾರು ಹಿಡಿದು ಕೂತೆ. ಕೈ ಮಾತ್ರ ಮುಂದೆ ಹೋಗಲಿಲ್ಲ. ಎಷ್ಟು ಸಮನಾಗಿ, ಎಷ್ಟು ಗಟ್ಟಿಯಾಗಿ ಕೂತಿತ್ತು ಆ ಕಪ್ಪು. ನನ್ನ ಯಾವ ತಗಡಿನ ಮೇಲೂ ನಾನು ಅಂಥ ಪದರ ಕಂಡಿರಲಿಲ್ಲ. ಬೆರಳಿನಿಂದ ಸವರಿ ನೋಡಿದೆ.

“ಏನ ನೋಡಾಕತ್ತಿ?” ಎಂದಳು ಅಜ್ಜಿ, ಹಿಂದೆ ಬಂದು ನಿಂತು.

“ಭಾಳ ಚಂದ ಆಗೇತಿ ಅಜ್ಜಿ. ತಿಕ್ಕಾಕ ಮನಸ್ಸ ಬರವಲ್ದು.”

“ಗೊತ್ತೈತಿ,” ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತಳು. “ನಾನೂ ದಿನಾ ನೋಡತಿದ್ದೆ. ಹಂಗ ನೋಡಕೊಂತ ಚಂದ ಕಾಣಾಕ ಹತ್ತಿತ್ತು.”

ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತೆವು. ಆಮೇಲೆ ಅಜ್ಜಿ ನನ್ನ ಕೈಯಿಂದ ನಾರು ಕಸಿದುಕೊಂಡು ತಾನೇ ತಿಕ್ಕತೊಡಗಿದಳು.